ಮೊಲೊಕಾಯ್‌ನ ಇಬ್ಬರು ಸಂತರು

ಹವಾಯಿ ದ್ವೀಪಗಳಲ್ಲಿ ಮೊಲೊಕಾಯ್ ಅನ್ನುವುದೊಂದು ದ್ವೀಪ. ಅದರ ಉತ್ತರ ದಂಡೆಯಿಂದ ಸಮುದ್ರದೊಳಕ್ಕೆ ಚಾಚಿಕೊಂಡ ನೆಲದ ತುಂಡಿಗೆ ಕಲೌಪಾಪಾ ಎಂದು ಹೆಸರು. ಮೂರು ಕಡೆ ಕಡಲು, ಇನ್ನೊಂದು ಕಡೆ ಗೋಡೆಯಂತೆ ಕಡಿದಾಗಿ ಎದ್ದ ಬೆಟ್ಟ. ಒಳಗೆ ಸೇರಿದವರು ಹೊರಗೆ ಬರಬಾರದೆಂದು ಪ್ರಕೃತಿಯೇ ಕಟ್ಟಿಟ್ಟ ಸೆರೆಮನೆ ಅದು. ಕುಷ್ಠರೋಗಿಗಳನ್ನು ಅಲ್ಲಿಗೆ ಸಾಗಿಸುತ್ತಿದ್ದ ಕಾಲದಲ್ಲಿ ಅವರ ನಡುವೆ ಹೋಗಿ ಬಾಳಿದ ಇಬ್ಬರನ್ನು ಕಥೋಲಿಕ ಧರ್ಮಸಭೆ ಸಂತರ ಪಟ್ಟಿಗೆ ಸೇರಿಸಿದೆ. 2009ರಲ್ಲಿ ಬೆಲ್ಜಿಯಂ ದೇಶದ ಫಾದರ್ ಡೇಮಿಯನ್ ಅವರನ್ನು, 2012ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮದರ್ ಮರಿಯಾನ್ ಕೋಪ್ ಅವರನ್ನು. ಡೇಮಿಯನ್ ತಾವು ಸೇವೆ ಮಾಡಿದವರ ರೋಗವನ್ನೇ ಹತ್ತಿಸಿಕೊಂಡು 49ನೆಯ ವಯಸ್ಸಿಗೆ ತೀರಿಹೋದರು. ಮರಿಯಾನ್ ಅಲ್ಲಿ 30 ವರ್ಷ ಇದ್ದೂ ರೋಗವನ್ನು ಹತ್ತಿರ ಬಿಟ್ಟುಕೊಳ್ಳದೆ 80 ವರ್ಷ ಬದುಕಿದರು. ನೋವು ತಿಂದಷ್ಟೂ ಪುಣ್ಯ ಎಂಬುದೇ ಕಥೋಲಿಕ ಧರ್ಮದ ಮಾತಾಗಿದ್ದರೆ ಈ ಎರಡನೆಯ ಹೆಸರು ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಇದೆ ಎಂಬುದರಿಂದ ಏನು ತಿಳಿಯುತ್ತದೆ ಎನ್ನುವುದೇ ಇಂದಿನ ಮಾತಿನ ವಿಷಯ.

ಮೊದಲು ಡೇಮಿಯನ್ ಅವರ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹವಾಯಿಯ ದೊರೆ ಐದನೆಯ ಕಮೆಹಮೆಹನ ಆಳ್ವಿಕೆಯಲ್ಲಿ, 1865ರಲ್ಲಿ, ಕುಷ್ಠ ಹರಡದಂತೆ ತಡೆಯಲು ಒಂದು ಕಾನೂನು ಬಂತು. ಮರುವರ್ಷದ ಜನವರಿಯಲ್ಲಿ ಮೊದಲ ರೋಗಿಗಳನ್ನು ಹಡಗಿನಲ್ಲಿ ತಂದು ಈ ದಂಡೆಯಲ್ಲಿ ಇಳಿಸಿದರು. ಅವರು ತಾವೇ ಬೇಸಾಯ ಮಾಡಿಕೊಂಡು ಬದುಕುತ್ತಾರೆ ಎಂಬುದು ಸರ್ಕಾರದ ಲೆಕ್ಕಾಚಾರ. ಬೆರಳು ಉದುರಿದವರು ಗುದ್ದಲಿ ಹಿಡಿಯುವುದು ಹೇಗೆ ಎಂದು ಯಾರೂ ಕೇಳಿದಂತಿಲ್ಲ. 1873ರಲ್ಲಿ ಹವಾಯಿಯ ಕಥೋಲಿಕ ಬಿಷಪ್ ಮೆಗ್ರೆ, ಅಲ್ಲಿಗೆ ಹೋಗಿಬರಲು ಯಾರಾದರೂ ಮುಂದೆ ಬರುತ್ತೀರಾ ಎಂದು ತಮ್ಮ ಅಧೀನದ ಧರ್ಮಗುರುಗಳನ್ನು ಕೇಳಿದರು. ನಾಲ್ವರು ಒಪ್ಪಿದರು, ಸರದಿಯಂತೆ ಹೋಗಿಬರುವುದೆಂದು ಮಾತಾಯಿತು. ಮೊದಲ ಸರದಿ ಡೇಮಿಯನ್ ಅವರದು. ಆ ವರ್ಷದ ಮೇ 10ರಂದು ಅಲ್ಲಿಗೆ ಇಳಿದವರು ಅಲ್ಲೇ ನಿಂತರು. ಆರಂಭದ ರಾತ್ರಿಗಳನ್ನು ಕೇದಗೆಯ ಜಾತಿಯ ಒಂದು ಮರದ ಕೆಳಗೆ ಕಳೆದರು. ಆಮೇಲೆ ಮನೆಗಳನ್ನು ಕಟ್ಟಿದರು, ನೀರಿಗೆ ಕೊಳವೆ ಹಾಕಿಸಿದರು, ಹುಣ್ಣು ತೊಳೆದು ಬಟ್ಟೆ ಕಟ್ಟಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿ ಗುಂಡಿಯನ್ನೂ ತೋಡಿದರು. ರೋಗಿಗಳನ್ನು ಮುಟ್ಟಬೇಡಿ ಎಂದು ಹಿರಿಯರು ಹೇಳಿ ಕಳಿಸಿದ್ದರು. ಆದರೆ ಕೆಸುವಿನ ಗಡ್ಡೆ ಬೇಯಿಸಿ ಜಜ್ಜಿ ಮಾಡುವ ಪೊಯಿ ಎಂಬ ಆಹಾರವನ್ನು ಹವಾಯಿಯವರು ಒಂದೇ ಬಟ್ಟಲಿಗೆ ಬೆರಳಿಟ್ಟು ತಿನ್ನುತ್ತಿದ್ದರು. ಆ ಬಟ್ಟಲಿನಿಂದ ದೂರ ಕೂತವರನ್ನು ಅವರು ನಮ್ಮವರೆಂದು ನಂಬುತ್ತಿರಲಿಲ್ಲ. ಡೇಮಿಯನ್ ಆ ಬಟ್ಟಲಿಗೆ ಬೆರಳಿಟ್ಟರು; ತಮ್ಮ ಹೊಗೆಸೊಪ್ಪಿನ ಕೊಳವೆಯನ್ನೂ ಅವರೊಂದಿಗೆ ಹಂಚಿಕೊಂಡರು. 1884ರ ಡಿಸೆಂಬರಿನಲ್ಲಿ ಒಂದು ದಿನ ಕಾಲಿಗೆ ಕುದಿವ ನೀರು ಬಿತ್ತು. ಚರ್ಮ ಬೊಬ್ಬೆ ಎದ್ದಿತು, ನೋವು ಮಾತ್ರ ಆಗಲಿಲ್ಲ. ನೋವು ಆಗದಿರುವುದೇ ರೋಗದ ಗುರುತು. ಅದಾದ ಮೇಲೆ ನಾಲ್ಕು ವರ್ಷಕ್ಕೆ, 1889ರ ಏಪ್ರಿಲ್ 15ರಂದು, ಅವರು ಅಲ್ಲೇ ಕಣ್ಣುಮುಚ್ಚಿದರು.

ಮರಿಯಾನ್ ಕೋಪ್ ಅವರದು ಇದಕ್ಕೆ ತೀರ ಬೇರೆ ಜಾಯಮಾನ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಆಸ್ಪತ್ರೆಯೊಂದರ ಆಡಳಿತ ನಡೆಸಿದ ಫ್ರಾನ್ಸಿಸ್ಕನ್ ಧರ್ಮಭಗಿನಿ ಅವರು. ಹವಾಯಿಯಿಂದ ನೆರವಿನ ಕರೆ ಹೊತ್ತು ಬಂದ ಗುರುಗಳು ಹಲವಾರು ಸಭೆಗಳ ಬಾಗಿಲು ತಟ್ಟಿ ಬರಿಗೈಯಲ್ಲಿ ವಾಪಸಾಗಿದ್ದಾಗ, ಒಪ್ಪಿಕೊಂಡವರು ಇವರು. 1883ರಲ್ಲಿ ಹೊನಲುಲುವಿಗೆ, 1888ರಲ್ಲಿ ಮೊಲೊಕಾಯ್‌ಗೆ ಬಂದರು. ಕೈ ತೊಳೆಯುವುದು, ಊಟದ ವಿಷಯದಲ್ಲಿ ಕಟ್ಟುನಿಟ್ಟು: ತಮ್ಮ ಸೋದರಿಯರಿಗೆ ಅವರು ವಿಧಿಸಿದ ಶಿಸ್ತು ಆಸ್ಪತ್ರೆಯದು. ಅವರಲ್ಲಿ ಯಾರಿಗೂ ರೋಗ ತಗುಲಲಿಲ್ಲ. ಬಹುಪಾಲು ಜನರ ದೇಹಕ್ಕೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಎಂದು ಈಗ ವೈದ್ಯರು ಹೇಳುವುದರಿಂದ ಪೂರ್ತಿ ಶ್ರೇಯಸ್ಸು ಸೋಪಿಗೇ ಸಲ್ಲಬೇಕಾಗಿಲ್ಲ. ಆದರೆ ಆಗ ಅದು ಯಾರಿಗೂ ಗೊತ್ತಿರಲಿಲ್ಲ. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಗುರುತಿಸಿದ್ದು ಡೇಮಿಯನ್ ದಂಡೆಗೆ ಇಳಿದ 1873ರಲ್ಲೇ. ಅಪಾಯದ ಒಳಕ್ಕೆ ಹೋಗುವುದರಲ್ಲಿ ಇಬ್ಬರೂ ಸಮಾನರು. ಹೋದ ಮೇಲೆ ಒಬ್ಬರು ಅದನ್ನು ಲೆಕ್ಕಿಸಲಿಲ್ಲ, ಒಬ್ಬರು ಲೆಕ್ಕ ಹಾಕಿ ನಡೆದರು. ಡೇಮಿಯನ್ ಇನ್ನಷ್ಟು ಎಚ್ಚರ ವಹಿಸಿದ್ದರೆ ಇನ್ನೂ ಹತ್ತಾರು ವರ್ಷ ಆ ಜನಕ್ಕೆ ಒದಗಿಬರುತ್ತಿದ್ದರಲ್ಲ ಎಂದು ಆಕ್ಷೇಪಿಸುವವರು ಇದ್ದಾರೆ. ನನಗೂ ಆ ಮಾತನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಆದರೆ ಮುಟ್ಟುವವರೇ ಇಲ್ಲದ ಜಾಗಕ್ಕೆ ಮೊದಲು ಹೋದವರ ಕೆಲಸವೂ, ಅವರು ನಂಬಿಕೆ ಗಳಿಸಿಕೊಟ್ಟ ಮೇಲೆ ಬಂದವರ ಕೆಲಸವೂ ಒಂದೇ ಅಲ್ಲ. ಧರ್ಮಸಭೆ ಇಬ್ಬರನ್ನೂ ಒಪ್ಪಿತು. ರೋಗವನ್ನು ಅದು ಗೌರವಿಸಿದ್ದಲ್ಲ. ರೋಗದ ಭಯಕ್ಕೆ ಬಿಟ್ಟುಬಿಡಬಹುದಾಗಿದ್ದ ಜನರನ್ನು ಬಿಡದೆ ಇದ್ದುದನ್ನು ಗೌರವಿಸಿತು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿತ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದು, ಡೇಮಿಯನ್ ಸತ್ತ ಮರುವರ್ಷ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದ್ದೂ ಇದೇ ಬಗೆಯ ಕೆಲಸ. ಅವರ ಕೈಯಲ್ಲಿ ಇದ್ದದ್ದು ಔಷಧದ ಸೀಸೆ.

ನೋವನ್ನಲ್ಲ, ಜನರನ್ನು ಬಿಡದಿರುವುದನ್ನು ಗೌರವಿಸುವ ಈ ನಿಲುವು ಹತ್ತೊಂಬತ್ತನೆಯ ಶತಮಾನದ ಉದಾರ ಮನಸ್ಸು ಹಳೆಯ ಧರ್ಮಕ್ಕೆ ಬಳಿದ ಬಣ್ಣ ಎಂದು ಯಾರಾದರೂ ಹೇಳಬಹುದು. ಮೂಲದಲ್ಲಿ ಕ್ರೈಸ್ತಧರ್ಮ ನೋವನ್ನು ಬಯಸಿ ಕರೆದ ಧರ್ಮವೇ, ಶಿಲುಬೆಯನ್ನು ಪೀಠದ ಮೇಲಿಟ್ಟು ಪೂಜಿಸುವವರು ಇನ್ನೇನು ತಾನೆ ಹೇಳಿಯಾರು ಎಂಬ ವಾದ ಇದೆ. ಈ ವಾದಕ್ಕೆ ಮೊದಲ ಉತ್ತರ ಶುಭಸಂದೇಶದಲ್ಲೇ ಇದೆ. ಹಿಡಿಯಲ್ಪಟ್ಟ ರಾತ್ರಿ ಗೆತ್ಸೆಮನಿಯ ತೋಪಿನಲ್ಲಿ ಯೇಸುಸ್ವಾಮಿ ನೆಲಕ್ಕೆ ಬಿದ್ದು, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂಬರ್ಥದಲ್ಲಿ ತಂದೆಯನ್ನು ಬೇಡಿಕೊಂಡರು ಎಂದು ಬರೆದಿದೆ. ಸಂಕಟವನ್ನು ಇಷ್ಟಪಟ್ಟವರ ಪ್ರಾರ್ಥನೆ ಅದಲ್ಲ. ಅದಕ್ಕೂ ಮುಂಚಿನ ಮೂರು ವರ್ಷ ಅವರು ಕಂಡ ಕಂಡ ರೋಗಿಗಳನ್ನು ವಾಸಿಮಾಡುತ್ತಲೇ ಹೋದರು. ಕಾಯಿಲೆ ಒಳ್ಳೆಯದು, ಸಹಿಸಿಕೋ ಎಂದು ಒಬ್ಬ ಕುಷ್ಠರೋಗಿಗೂ ಹೇಳಿ ಕಳಿಸಲಿಲ್ಲ. ಎರಡನೆಯ ಶತಮಾನದ ನಡುವೆ ಸ್ಮುರ್ನದ ಬಿಷಪ್ ಪೋಲಿಕಾರ್ಪರನ್ನು ಕೊಂದ ವೃತ್ತಾಂತವನ್ನು ಆ ಊರಿನ ಕ್ರೈಸ್ತರು ಬರೆದಿಟ್ಟಿದ್ದಾರೆ. ಅದರಲ್ಲಿ ಕ್ವಿಂತನೆಂಬ ಒಬ್ಬ ಬರುತ್ತಾನೆ. ತಾನಾಗಿ ಅಧಿಕಾರಿಗಳ ಮುಂದೆ ಹೋಗಿ ನಿಂತು, ಇತರರನ್ನೂ ಹಾಗೆ ಮಾಡಿರೆಂದು ಹುರಿದುಂಬಿಸಿದವನು, ತನ್ನ ಮೇಲೆ ಬಿಡಲಿದ್ದ ಮೃಗಗಳನ್ನು ಕಂಡ ಕೂಡಲೇ ನಡುಗಿ ತನ್ನ ನಂಬಿಕೆಯನ್ನು ಬಿಟ್ಟುಕೊಟ್ಟ. ಆ ಬರಹಗಾರರು ಅಲ್ಲೇ ಹೇಳಿಬಿಡುತ್ತಾರೆ, ತಾವಾಗಿ ಸಾವಿಗೆ ಕೊರಳೊಡ್ಡುವವರನ್ನು ನಾವು ಹೊಗಳುವುದಿಲ್ಲ ಎಂದು. ಪೋಲಿಕಾರ್ಪರಾದರೋ ಮೊದಲು ಊರ ಹೊರಗಿನ ತೋಟಕ್ಕೆ ಹೋಗಿ ತಪ್ಪಿಸಿಕೊಂಡಿದ್ದರು. ಹುಡುಕಿಕೊಂಡು ಬಂದು ಹಿಡಿದ ಮೇಲೆ ಹಿಂಜರಿಯಲಿಲ್ಲ. ಸಂತ ಅಗಸ್ತೀನರು ಎರಡೂವರೆ ಶತಮಾನದ ಬಳಿಕ ಇದನ್ನೇ ನಿಯಮದ ರೂಪದಲ್ಲಿ ಇಟ್ಟರು. ಒಬ್ಬನನ್ನು ರಕ್ತಸಾಕ್ಷಿ ಮಾಡುವುದು ಅವನು ಪಟ್ಟ ಯಾತನೆಯಲ್ಲ, ಅದನ್ನು ಪಟ್ಟ ಕಾರಣ.

ಇದಕ್ಕೆ ವಿರುದ್ಧವಾದ ದಾಖಲೆಗಳೂ ಇವೆ. ಅಂತಿಯೋಕ್ಯದ ಸಂತ ಇಗ್ನಾತಿಯುಸರು ರೋಮಿಗೆ ಬರೆದ ಪತ್ರದಲ್ಲಿ ಮೃಗಗಳ ಬಾಯಿಗೆ ಬೀಳಲು ತವಕಪಡುವುದು ಕಾಣುತ್ತದೆ. ಮಧ್ಯಯುಗದಲ್ಲಿ ಬೆನ್ನಿಗೆ ಚಾಟಿ ಬೀಸಿಕೊಳ್ಳುತ್ತ ಊರೂರು ಮೆರವಣಿಗೆ ಹೊರಟ ಗುಂಪುಗಳಿದ್ದವು. 1349ರಲ್ಲಿ ಪ್ಲೇಗಿನ ಭೀತಿಯಲ್ಲಿ ಆ ಗುಂಪುಗಳು ಯುರೋಪಿನಲ್ಲಿ ಹುಚ್ಚೆದ್ದು ಹಬ್ಬಿದಾಗ ಪೋಪ್ ಆರನೆಯ ಕ್ಲೆಮೆಂಟ್ ಅವನ್ನು ನಿಷೇಧಿಸಿದರು. ದೇಹವನ್ನು ದಂಡಿಸುವ ತಪಸ್ಸು ಅದರೊಂದಿಗೆ ಸಾಯಲಿಲ್ಲ; ಕೆಲವು ಸಂತರ ಚರಿತ್ರೆಗಳನ್ನು ಓದಿದರೆ ಈಗಲೂ ಮುಜುಗರವಾಗುತ್ತದೆ. ಆ ಪುಟಗಳನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವು ಈ ಧರ್ಮದ ಹೃದಯ ಎಂದು ಒಪ್ಪಲೂ ಆಗದು. ನೋವಿನ ಬಗ್ಗೆ ಅತಿ ದಿಟ್ಟವಾದ ವಾಕ್ಯ ಬರೆದವರು ಸಂತ ಪೌಲರು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ, ಕ್ರಿಸ್ತನ ಸಂಕಟಗಳಲ್ಲಿ ಕೊರತೆಯಾಗಿ ಉಳಿದುದನ್ನು ತಾನು ತನ್ನ ಒಡಲಲ್ಲಿ ತುಂಬಿಕೊಡುತ್ತಿದ್ದೇನೆ ಎನ್ನುತ್ತಾರೆ. ಅದನ್ನು ಉದ್ಧರಿಸುವವರು ಅದೇ ಮಾತಿನಲ್ಲಿ ಎರಡು ಸಲ ಬರುವುದನ್ನು ಮರೆಯುತ್ತಾರೆ: ಈ ಸಂಕಟ ನಿಮಗಾಗಿ, ಸಭೆಗಾಗಿ. ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರವಿಲ್ಲದ ನೋವನ್ನು ಪೌಲರು ಹೊಗಳಿದ್ದು ನನಗೆ ಎಲ್ಲೂ ಕಂಡಿಲ್ಲ.

ಈ 'ಯಾರಿಗಾಗಿ' ಎಂಬುದು ಧರ್ಮಸಭೆಯ ಕಡತಗಳೊಳಗೂ ಹೇಗೆ ಜಾಗ ಪಡೆಯಿತು ಎನ್ನುವುದಕ್ಕೆ ಪೋಲೆಂಡಿನ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ ಅವರ ಪ್ರಕರಣ ನೋಡಬೇಕು. 1941ರ ಜುಲೈ ಕೊನೆಗೆ ಆಷ್ವಿಟ್ಜ್ ಶಿಬಿರದಿಂದ ಒಬ್ಬ ಕೈದಿ ತಪ್ಪಿಸಿಕೊಂಡನೆಂದು ನಾಜಿಗಳು ಹತ್ತು ಜನರನ್ನು ಹಸಿವಿನಿಂದ ಸಾಯಿಸಲು ಆರಿಸಿದರು. ಅವರಲ್ಲೊಬ್ಬನಾದ ಗಾಯೊವ್ನಿಚೆಕ್ ಎಂಬ ಸೈನಿಕ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದ. ಕೈದಿಗಳ ಸಾಲಿನಿಂದ ಕೋಲ್ಬೆ ಹೊರಬಂದು, ಅವನ ಬದಲು ತನ್ನನ್ನು ಕಳಿಸಿ ಎಂದರು. ಆಗಸ್ಟ್ 14ರಂದು, ಇನ್ನೂ ಜೀವ ಹಿಡಿದುಕೊಂಡಿದ್ದ ಅವರನ್ನು ವಿಷದ ಚುಚ್ಚುಮದ್ದು ಕೊಟ್ಟು ಕೊಂದರು. ಗಾಯೊವ್ನಿಚೆಕ್ ಬದುಕಿದ್ದು 1995ರವರೆಗೆ. ಈಗ ಒಂದು ತೊಡಕು ಬಂತು. ರಕ್ತಸಾಕ್ಷಿ ಎನ್ನಬೇಕಾದರೆ ಕೊಂದವರು ನಂಬಿಕೆಯ ದ್ವೇಷದಿಂದಲೇ ಕೊಂದಿರಬೇಕೆಂಬುದು ಹಳೆಯ ನಿಯಮ. ಕೋಲ್ಬೆಯವರನ್ನಾದರೋ ಯಾರೂ ನಂಬಿಕೆ ಬಿಡು ಎಂದು ಕೇಳಿರಲಿಲ್ಲ. 1971ರಲ್ಲಿ ಅವರಿಗೆ ಸಂತ ಪದವಿಯ ಹಿಂದಿನ ಮೆಟ್ಟಿಲಾದ ಪುನೀತ ಪದವಿ ಕೊಟ್ಟಾಗ ರಕ್ತಸಾಕ್ಷಿಗಳ ವರ್ಗಕ್ಕೆ ಸೇರಿಸಲಿಲ್ಲ. 1982ರ ಅಕ್ಟೋಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಕೋಲ್ಬೆಯವರನ್ನು ರಕ್ತಸಾಕ್ಷಿಯೆಂದೇ ಸಂತ ಪದವಿಗೇರಿಸಿದರು. ಆ ಸಮಾರಂಭದಲ್ಲಿ ಗಾಯೊವ್ನಿಚೆಕ್ ಇದ್ದರು. 2017ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಇನ್ನೊಂದು ಹೆಜ್ಜೆ ಇಟ್ಟು, ಇತರರ ಮೇಲಣ ಪ್ರೀತಿಯಿಂದ ಸ್ವಇಚ್ಛೆಯಿಂದ ಪ್ರಾಣ ಅರ್ಪಿಸಿದವರಿಗೆ ಪುನೀತ ಪದವಿಯ ಪ್ರತ್ಯೇಕ ದಾರಿಯನ್ನೇ ತೆರೆದರು. ಅದರ ಷರತ್ತುಗಳು ಎರಡು ವಿಷಯದ ಮೇಲೆ ಒತ್ತುಕೊಡುತ್ತವೆ: ಅರ್ಪಣೆ ಸ್ವತಂತ್ರವಾಗಿರಬೇಕು, ಪ್ರೀತಿಯ ಕಾರಣಕ್ಕೇ ಆಗಿರಬೇಕು. ಎಷ್ಟು ನೋವಾಯಿತು ಎಂದು ಅಳೆಯುವ ಷರತ್ತು ಅದರಲ್ಲಿಲ್ಲ.

ಈಗ ಗಟ್ಟಿಯಾದ ಆಕ್ಷೇಪಗಳಿಗೆ ಬರೋಣ. ನೋವನ್ನು ಪವಿತ್ರವೆನ್ನುವ ಕಡೆ ನೋವು ನಿವಾರಿಸುವ ಆತುರ ತಗ್ಗುತ್ತದೆ ಎಂಬುದು ಒಂದು. ಕಲ್ಕತ್ತೆಯ ಮದರ್ ತೆರೇಸಾ ಅವರ ಆಶ್ರಮವನ್ನು ನೋಡಿಬಂದು 1994ರಲ್ಲಿ ಲಾನ್ಸೆಟ್ ವೈದ್ಯಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್, ಅಲ್ಲಿನ ಆರೈಕೆಯ ಒಳ್ಳೆಯದನ್ನು ಒಪ್ಪುತ್ತಲೇ, ಸಾಯುತ್ತಿರುವವರಿಗೆ ಬಲವಾದ ನೋವುಶಾಮಕ ಸಿಗುತ್ತಿಲ್ಲ ಎಂದು ಬರೆದರು. ನಮ್ಮ ದೇಶದಲ್ಲಿ ಮಾರ್ಫಿನ್ ಮೇಲಿದ್ದ ಕಾನೂನಿನ ಬಿಗಿ ಎಷ್ಟೆಂದು ಬಲ್ಲವರು ಈ ಟೀಕೆಯನ್ನು ಸ್ವಲ್ಪ ಮೆದುಗೊಳಿಸಿಯಾರು. ಪೂರ್ತಿ ಅಳಿಸಲಾರರು. ಆದರೆ ಆ ಟೀಕೆಯನ್ನು ತೂಗಲು ಹೊರಗಿನ ತಕ್ಕಡಿ ಬೇಕಾಗಿಲ್ಲ. 1957ರ ಫೆಬ್ರವರಿಯಲ್ಲಿ ಅರಿವಳಿಕೆ ತಜ್ಞರು ಕೇಳಿದ ಪ್ರಶ್ನೆಗಳಿಗೆ ಪೋಪ್ ಹನ್ನೆರಡನೆಯ ಪಿಯುಸ್ ಉತ್ತರ ಕೊಟ್ಟಿದ್ದರು. ನೋವನ್ನು ಸಹಿಸಲೇಬೇಕೆಂಬ ಕಟ್ಟಳೆ ಕ್ರೈಸ್ತನಿಗಿಲ್ಲ, ಬೇರೆ ದಾರಿಯಿಲ್ಲದಾಗ ಆಯುಸ್ಸು ಕೊಂಚ ಕಡಿಮೆಯಾದರೂ ನೋವು ತಗ್ಗಿಸುವ ಔಷಧ ಕೊಡಬಹುದು ಎಂಬುದು ಅದರ ಸಾರ. ಅದರ ಹಿಂದಿನ ವರ್ಷ ನೋವಿಲ್ಲದ ಹೆರಿಗೆಯ ಪದ್ಧತಿಗೂ ಅವರು ಅಡ್ಡಿಯಿಲ್ಲ ಎಂದಿದ್ದರು. ತನ್ನ ನೋವನ್ನು ದೇವರಿಗೆ ಒಪ್ಪಿಸಿ ಔಷಧ ಬೇಡವೆನ್ನುವ ರೋಗಿಗೆ ಹಕ್ಕಿದೆ. ಆ ತೀರ್ಮಾನವನ್ನು ರೋಗಿಯ ಪರವಾಗಿ ಆಸ್ಪತ್ರೆ ಮಾಡಿದರೆ ಅದು ತ್ಯಾಗವಲ್ಲ, ಉಪೇಕ್ಷೆ. ಸಿಗಬಹುದಾಗಿದ್ದ ಔಷಧವನ್ನು ತಡೆಹಿಡಿದದ್ದು ಎಲ್ಲಾದರೂ ನಿಜವಾಗಿದ್ದರೆ ಅದು ಧರ್ಮಸಭೆಯ ಬೋಧನೆಯ ಪ್ರಕಾರವೇ ತಪ್ಪು.

ಇನ್ನೊಂದು ಆಕ್ಷೇಪ ಮೊಲೊಕಾಯ್‌ನ ನೆಲದಿಂದಲೇ ಎದ್ದದ್ದು. 1866ರಿಂದ 1969ರವರೆಗೆ ಸುಮಾರು 8,000 ಜನರನ್ನು ಅಲ್ಲಿಗೆ ಸಾಗಿಸಿದರು. ಅವರಲ್ಲಿ ಬಹುಪಾಲು ಹವಾಯಿಯ ಮೂಲನಿವಾಸಿಗಳು. ಅವರು ಯಾರೂ ನೋವನ್ನು ಅಪ್ಪಿಕೊಂಡವರಲ್ಲ, ಹೊತ್ತೊಯ್ದು ಎಸೆಯಲ್ಪಟ್ಟವರು. ಅವರ ಭಾಷೆಯಲ್ಲಿ ಕುಷ್ಠಕ್ಕೆ 'ಅಗಲಿಸುವ ಕಾಯಿಲೆ' ಎಂದೇ ಹೆಸರು ಬಿತ್ತು. ಒಬ್ಬ ಬಿಳಿಯ ಗುರುವಿನ ತ್ಯಾಗದ ಕಥೆ ಜಗತ್ತೆಲ್ಲ ಹಬ್ಬಿ, ಈ ಸಾವಿರಾರು ಜನ ಆ ಕಥೆಯ ಹಿನ್ನೆಲೆಯಾಗಿ ಉಳಿದುಬಿಟ್ಟರು ಎಂದು ಹವಾಯಿಯವರು ಹೇಳಿದರೆ ಅದರಲ್ಲಿ ಅತಿಶಯೋಕ್ತಿ ಇಲ್ಲ. ತ್ಯಾಗದಲ್ಲೂ ಡೇಮಿಯನ್ ಮೊದಲಿಗರಲ್ಲ. ರೋಗವಿಲ್ಲದಿದ್ದರೂ ರೋಗಿಯಾದ ಗಂಡನ ಜತೆ, ಹೆಂಡತಿಯ ಜತೆ, ಮಗುವಿನ ಜತೆ ಹಡಗು ಹತ್ತಿದವರು ಮೊದಲಿನಿಂದಲೂ ಇದ್ದರು. ಕೊಕುವಾ ಎಂದು ಅವರನ್ನು ಕರೆಯುತ್ತಾರೆ. ಅವರ ಹೆಸರಿನಲ್ಲಿ ಹಬ್ಬದ ದಿನಗಳಿಲ್ಲ. ಆದರೆ ಈ ಆಕ್ಷೇಪದ ಜತೆಗೆ ಸಾಮಾನ್ಯವಾಗಿ ಸೇರಿಸುವ ಮುಂದಿನ ವಾಕ್ಯ ಇದೆ: ಇಂಥ ಧರ್ಮ ನೊಂದವರಿಗೆ ಸಹನೆಯನ್ನು ಬೋಧಿಸಿ ಅನ್ಯಾಯಕ್ಕೆ ನೆರವಾಗುತ್ತದೆ ಎಂಬುದು. ಡೇಮಿಯನ್ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಹೊನಲುಲುವಿನ ಆರೋಗ್ಯ ಮಂಡಳಿಗೆ ಅವರು ತಲೆನೋವಾಗಿದ್ದರು. ಮರ ಕೊಡಿ, ಬಟ್ಟೆ ಕೊಡಿ, ಊಟದ ಪಡಿ ಹೆಚ್ಚಿಸಿ, ವೈದ್ಯರನ್ನು ಕಳಿಸಿ ಎಂದು ಪತ್ರದ ಮೇಲೆ ಪತ್ರ. ಹಟಮಾರಿ, ಒರಟ, ಹೇಳಿದ್ದು ಕೇಳದವ ಎಂಬ ದೂರು ಅವರ ಮೇಲಧಿಕಾರಿಗಳಿಂದಲೂ ಬಂತು. ಅವರು ಸತ್ತ ಮೇಲೆ ಹೊನಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿ ಹೈಡ್ ಇದೇ ದೂರುಗಳಿಗೆ ಇನ್ನೂ ಕೆಟ್ಟದೊಂದನ್ನು ಸೇರಿಸಿ ಬರೆದದ್ದು ಅಚ್ಚಾಯಿತು. ಅದಕ್ಕೆ 1890ರಲ್ಲಿ ಬಹಿರಂಗ ಪತ್ರದ ಮೂಲಕ ಉತ್ತರ ಕೊಟ್ಟವರು ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್. ಅವರು ಕಥೋಲಿಕರಲ್ಲ, ಡೇಮಿಯನ್ ಸತ್ತ ಕೆಲವೇ ವಾರಗಳಲ್ಲಿ ಆ ದಂಡೆಗೆ ಹೋಗಿ ನೋಡಿಬಂದಿದ್ದರು. ಒರಟುತನದ ಆರೋಪಗಳಲ್ಲಿ ಹಲವನ್ನು ಒಪ್ಪಿಕೊಂಡೇ ಅವರು ಹೈಡ್ ಅವರನ್ನು ತರಾಟೆಗೆ ತೆಗೆದುಕೊಂಡರು. ತನ್ನ ನೋವನ್ನು ಒಪ್ಪಿಕೊಂಡವನೇ ಇನ್ನೊಬ್ಬರ ನೋವಿನ ವಿಷಯದಲ್ಲಿ ಸ್ವಲ್ಪವೂ ಒಪ್ಪಿಕೊಳ್ಳದ ಜಗಳಗಂಟನಾಗಿದ್ದ ಎನ್ನುವುದು ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ.

ಆಯ್ದುಕೊಳ್ಳದ ನೋವಿಗೆ ಹಾಗಾದರೆ ಈ ಧರ್ಮ ಏನು ಹೇಳುತ್ತದೆ? ಸಲ್ಫೋನ್ ಔಷಧಗಳು ಕಲೌಪಾಪಾಕ್ಕೆ ಬಂದದ್ದು 1946ರಲ್ಲಿ. ಅಲ್ಲಿಯವರೆಗೆ ಸತ್ತವರಿಗೆ ಯಾವ ಜಗಳವೂ ರೋಗ ವಾಸಿಮಾಡಿಕೊಡುವಂತಿರಲಿಲ್ಲ. 1984ರ ಫೆಬ್ರವರಿ 11ರಂದು ಎರಡನೆಯ ಜಾನ್ ಪಾಲ್ ನೋವಿನ ಕುರಿತೇ ಒಂದು ದೀರ್ಘ ಪತ್ರ ಪ್ರಕಟಿಸಿದರು. ಅದು ಆರಂಭವಾಗುವುದು ಪೌಲರ ಕೊಲೊಸ್ಸೆ ಪತ್ರದ ಮಾತಿನಿಂದ, ಕೊನೆಗೆ ಹೋಗಿ ನಿಲ್ಲುವುದು ದಯಾಳು ಸಮಾರ್ಯನ ಸಾಮತಿಯ ಹತ್ತಿರ. ನರಳುವವನು ತನ್ನ ನೋವನ್ನು ಕ್ರಿಸ್ತನ ನೋವಿಗೆ ಸೇರಿಸಿ ಇತರರಿಗಾಗಿ ಅರ್ಪಿಸಬಹುದು, ಆದ್ದರಿಂದ ಹಾಸಿಗೆ ಹಿಡಿದವನೂ ಬರಿದೇ ಪಡೆಯುವವನಲ್ಲ, ಕೊಡಬಲ್ಲವನು ಎಂಬುದು ಒಂದು ತುದಿ. ದಾರಿಯಲ್ಲಿ ಬಿದ್ದವನನ್ನು ಕಂಡು ಗಾಯಕ್ಕೆ ಎಣ್ಣೆ ಹಚ್ಚದೆ ಮುಂದೆ ಹೋಗಬಾರದು ಎಂಬುದು ಇನ್ನೊಂದು ತುದಿ. ನಂಬಿಕೆಯಿಲ್ಲದವರಿಗೆ ಮೊದಲ ತುದಿ ಬರಿಯ ಸಾಂತ್ವನವೆನಿಸಬಹುದು. ಅದನ್ನು ತರ್ಕದಿಂದ ಗೆದ್ದುಕೊಡಲು ನನ್ನಿಂದಾಗದು. ಆದರೆ ಅದೇ ದಂಡೆಯ ಕಲವಾವೊ ಎಂಬ ವಸತಿಯಲ್ಲಿ ರೋಗಿಗಳೇ ಗಾಯನ ತಂಡ ಕಟ್ಟಿದರು, ವಾದ್ಯ ಬಾರಿಸಿದರು, ಸತ್ತವರನ್ನು ಮರ್ಯಾದೆಯಿಂದ ಹೂಳಲು ಸಂಘ ಮಾಡಿಕೊಂಡರು. ನೀವು ಯಾರಿಗೂ ಬೇಡವಾದವರು ಎಂದು ಸರ್ಕಾರ ಹೇಳಿದ ಜಾಗದಲ್ಲಿ, ನಿಮ್ಮಲ್ಲೂ ಕೊಡುವಂಥದ್ದು ಇದೆ ಎಂದು ಯಾರೋ ನಂಬಿಸಿದ್ದರಿಂದ ಆದ ಕೆಲಸ ಇದು.

ಎರಡು ತುದಿಗಳಲ್ಲಿ ಒಂದನ್ನು ಮಾತ್ರ ಹಿಡಿದು, ಅದನ್ನೂ ಇನ್ನೊಬ್ಬರ ಹೆಗಲಿಗೆ ಹೊರಿಸಿದರೆ ಏನಾಗುತ್ತದೆ ಎಂಬುದನ್ನು ನೋಡಲು ಹವಾಯಿಗೆ ಹೋಗಬೇಕಾಗಿಲ್ಲ. ಗಂಡ ಹೊಡೆಯುತ್ತಾನೆ ಎಂದು ಬಂದ ಹೆಣ್ಣುಮಗಳಿಗೆ, ಇದು ನಿನ್ನ ಶಿಲುಬೆ ಕಣಮ್ಮ, ಹೊತ್ತುಕೋ ಎಂದು ಬುದ್ಧಿ ಹೇಳಿ ಮನೆಗೆ ವಾಪಸು ಕಳಿಸಿದ ಮಾತುಗಳು ಹಲವು ದೇಶಗಳ ಕ್ರೈಸ್ತ ಮನೆಗಳಲ್ಲಿ ಕೇಳಿಬಂದಿವೆ. ಡೇಮಿಯನ್, ಮರಿಯಾನ್, ಕೋಲ್ಬೆ ಈ ಮೂವರ ಪೈಕಿ ಒಬ್ಬರೂ ಇನ್ನೊಬ್ಬರನ್ನು ಮುಂದಕ್ಕೆ ನೂಕಿದವರಲ್ಲ. ಕೊಟ್ಟದ್ದು ತಮ್ಮನ್ನು. ಆ ಗಂಡನ ಏಟಿನಿಂದ ಯಾರಿಗೂ ಒಳಿತಿಲ್ಲ, ಅವನ ಆತ್ಮಕ್ಕಂತೂ ಇಲ್ಲವೇ ಇಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1153ನೆಯ ವಿಧಿ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯ ಇರುವವರು ಬೇರೆಯಾಗಿ ಬದುಕಲು ನ್ಯಾಯವಾದ ಕಾರಣ ಇದೆ ಎನ್ನುತ್ತದೆ; ತಡಮಾಡಿದರೆ ಅಪಾಯವಿದ್ದಲ್ಲಿ ಬಿಷಪ್ಪರ ಅಪ್ಪಣೆಗೂ ಕಾಯಬೇಕಾಗಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಬಿಚ್ಚಿ, ಕೆಲವು ಸಂದರ್ಭದಲ್ಲಿ ಅಂಥ ಅಗಲಿಕೆ ನೈತಿಕವಾಗಿ ಅಗತ್ಯವೇ ಆಗಬಹುದು ಎಂದರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಪ್ರಸಂಗಗಳಲ್ಲಿ ಶಿಲುಬೆಯ ಮಾತು ವರ್ಷವರ್ಷವೂ ಬರುತ್ತದೆ. ಈ ವಿಧಿಯ ಮಾತು ಎಷ್ಟು ಸಲ ಬಂತೆಂದು ಕೇಳುಗರು ತಮ್ಮ ತಮ್ಮ ಚರ್ಚಿನಲ್ಲಿ ವಿಚಾರಿಸಿ ನೋಡಬಹುದು.